ದೇವರಿಗೆ ಮಾತ್ರ ಹೇಳಿದ್ದು

ಮಕ್ಕಳ ರಕ್ಷಣಾ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವರಿಗೆ ಎರಡು ಕಾಯಿಲೆ ಗ್ಯಾರಂಟಿ ಎಂದು ಅಲ್ಲಿನವರೇ ಹೇಳಿಕೊಂಡು ನಗುತ್ತಾರೆ. ಒಂದು ಸೊಂಟನೋವು, ಇನ್ನೊಂದು ದೇವರ ಮೇಲೆ ಸಿಟ್ಟು. ಫೈಲಕ್ಕನಿಗೆ ಎರಡೂ ಇದ್ದವು. ಸೊಂಟಕ್ಕೆ ಮುಲಾಮು ಹಚ್ಚಿಕೊಳ್ಳುತ್ತಿದ್ದಳು. ದೇವರಿಗೆ ಏನು ಹಚ್ಚಬೇಕೋ ತಿಳಿಯದೆ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಅವನ ಜೊತೆ ಜಗಳ ಆಡುತ್ತಿದ್ದಳು.

ಫೈಲಕ್ಕ ಎನ್ನುವುದು ಕಚೇರಿಯವರು ಇಟ್ಟ ಹೆಸರು. ಉಳಿದವರೆಲ್ಲ ಕಂಪ್ಯೂಟರಿಗೆ ಶರಣಾಗಿ ಎಷ್ಟೋ ವರ್ಷವಾಗಿದ್ದರೂ ಇವಳು ಬಗಲಲ್ಲಿ ನಾಲ್ಕು ಕಾಗದದ ಫೈಲು ಇಲ್ಲದೆ ಹೊರಗೆ ಕಾಲಿಡುತ್ತಿರಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು, ಫೈಲುಗಳನ್ನು ತೊಡೆಯ ಮೇಲಿಟ್ಟುಕೊಂಡು, ತುಟಿ ಅಲ್ಲಾಡಿಸದೆ ಶುರುಮಾಡುತ್ತಿದ್ದಳು. "ಆ ಅವಳಿ ಮಕ್ಕಳ ಅಪ್ಪನನ್ನ ನೋಡ್ಕೋ ಅಂತ ನಿನ್ನೆ ನಿನಗೇ ಒಪ್ಪಿಸಿದ್ನಲ್ಲ ಕರ್ತನೇ, ನೀನು ನೋಡ್ಕೊಂಡ ಚಂದ ಇದೇನಾ? ಅವನು ಬೆಲ್ಟು ಬಿಚ್ಚೋವಾಗ ಎಲ್ಲಿದ್ದೆ, ಊಟಕ್ಕೆ ಹೋಗಿದ್ಯಾ?" ಹೀಗೆ ನಿನ್ನೆಯದನ್ನೆಲ್ಲ ಜಾಡಿಸಿದ ಮೇಲೆ ಇವತ್ತಿನ ಹೆಸರುಗಳನ್ನು ಒಂದೊಂದಾಗಿ ಒಪ್ಪಿಸುತ್ತಿದ್ದಳು. ಮಗುವಿನ ಹೆಸರು, ತಾಯಿಯ ಹೆಸರು, ಅಪ್ಪ ಅಂತ ಒಬ್ಬನಿದ್ದರೆ ಅವನ ಹೆಸರು. ಆಮೆನ್ ಹೇಳುವಷ್ಟರಲ್ಲಿ ಎಷ್ಟೋ ಸಲ ಇಳಿಯಬೇಕಾದ ಸ್ಟಾಪು ಹಿಂದೆ ಹೋಗಿರುತ್ತಿತ್ತು.

ಒಮ್ಮೆ ಚರ್ಚಿನಲ್ಲಿ ಪಾಸ್ಟರು, ಕಷ್ಟ ಎಂದರೆ ದೇವರು ನಮ್ಮನ್ನು ಪುಟಕ್ಕಿಟ್ಟು ಕಲ್ಮಷ ಕಳೆಯುವ ಕೆಲಸ ಎಂದು ಮುಕ್ಕಾಲು ಗಂಟೆ ಬೋಧಿಸಿದರು. ಆರಾಧನೆ ಮುಗಿದು ಬಾಗಿಲಲ್ಲಿ ಕೈಕುಲುಕುವಾಗ ಫೈಲಕ್ಕ ಅವರ ಕೈ ಬಿಡದೆ ಕೇಳಿದಳು: "ಮೂರು ವರ್ಷದ ಕೂಸಿನಲ್ಲಿ ಕಳೆಯೋಕೆ ಎಂಥ ಕಲ್ಮಷ ಇರುತ್ತೆ ಪಾಸ್ಟರ್?" ಹಿಂದೆ ಸಾಲು ನಿಂತಿತ್ತು. ಪಾಸ್ಟರು ಒಳ್ಳೆಯ ಮನುಷ್ಯ, ಬೆವರು ಒರೆಸಿಕೊಂಡು, "ಅದು ದೈವರಹಸ್ಯ" ಅಂದರು. "ನಮ್ಮ ಆಫೀಸಲ್ಲೂ ಹಾಗೇ ಪಾಸ್ಟರ್, ಉತ್ತರ ಗೊತ್ತಿಲ್ಲದಾಗ ಗೋಪ್ಯ ಅಂತ ಬರೆದುಬಿಡ್ತೀವಿ" ಎಂದು ಇವಳು ಕೈಬಿಟ್ಟಳು. ಅಲ್ಲಿಂದಾಚೆಗೆ ಪಾಸ್ಟರು ಅವಳಿಗೆ ದೂರದಿಂದಲೇ ಕೈಮುಗಿಯುತ್ತಿದ್ದರು.

ಇಷ್ಟೆಲ್ಲ ಆದರೂ ಅವಳು ನಂಬಿಕೆ ಬಿಟ್ಟವಳಲ್ಲ. ಸಿಟ್ಟು ಬರುವುದು ನಮ್ಮವರ ಮೇಲೆ ತಾನೇ, ದಾರಿಹೋಕರ ಮೇಲೆ ಯಾರಿಗೆ ಅಷ್ಟು ಸಿಟ್ಟು ಬರುತ್ತದೆ? ಆ ಹೆಸರುಗಳನ್ನು ಯಾರಿಗಾದರೂ ಒಪ್ಪಿಸದಿದ್ದರೆ ಅವಳಿಗೆ ತಲೆ ಕೆಟ್ಟುಹೋಗುತ್ತಿತ್ತು. ಕೆಲಸದ ನಿಯಮವೋ ಬಿಗಿ. ಯಾವ ಮನೆ, ಯಾವ ಮಗು, ಏನಾಯಿತು ಎಂಬ ಒಂದಕ್ಷರವೂ ಹೊರಗೆ ಹೋಗುವಂತಿಲ್ಲ. ಲಿಫ್ಟ್ ರಿಪೇರಿ ಮಾಡುವ ಗಂಡ ಪಕ್ಕದಲ್ಲೇ ಮಲಗಿದರೂ ಇಪ್ಪತ್ತಾರು ವರ್ಷದಲ್ಲಿ ಒಂದು ಮಗುವಿನ ಹೆಸರನ್ನೂ ಅವಳ ಬಾಯಿಂದ ಕೇಳಿರಲಿಲ್ಲ. ದೇವರೊಬ್ಬನಿಗೆ ಹೇಳಬಹುದಿತ್ತು. ಅವನ ಬಗ್ಗೆ ಏನೇ ದೂರಿದ್ದರೂ ಚಾಡಿ ಹೇಳುತ್ತಾನೆ ಎಂದು ಇಲ್ಲಿಯವರೆಗೆ ಯಾರೂ ದೂರಿಲ್ಲ.

ಆ ವಾರ ಅವಳ ಎದೆಯ ಮೇಲೆ ಕೂತಿದ್ದ ಫೈಲು ಇಸ್ತ್ರಿಯವಳದ್ದು. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ದಿನವಿಡೀ ಆವಿಯ ಇಸ್ತ್ರಿ ಯಂತ್ರದ ಮುಂದೆ ನಿಲ್ಲುವ ಹೆಣ್ಣು, ಮೂವತ್ತು ದಾಟಿರಬಹುದು. ಎರಡು ವರ್ಷದ ಹಿಂದೆ ಕುಡಿದು ನೆಲದ ಮೇಲೆ ಬಿದ್ದಿದ್ದಾಗ ಏಳು ವರ್ಷದ ಮಗಳು ಅನ್ನ ಬಿಸಿಮಾಡಲು ಹೋಗಿ ಪರದೆಗೆ ಬೆಂಕಿ ತಗುಲಿತ್ತು. ಮಗುವಿಗೆ ಏನೂ ಆಗಲಿಲ್ಲ. ಬೆಂಕಿ ಆರಿಸುವಾಗ ತಾಯಿಯ ಎಡಗೈ ಮಣಿಕಟ್ಟಿನಿಂದ ಮೊಳಕೈವರೆಗೆ ಸುಟ್ಟಿತು. ಮಗಳನ್ನು ಸಾಕುಮನೆಗೆ ಕರೆದುಕೊಂಡು ಹೋಗಿ ಬಿಟ್ಟವಳು ಫೈಲಕ್ಕನೇ. ಆವತ್ತು ಇಸ್ತ್ರಿಯವಳು ಅವಳಿಗೆ ಹಾಕಿದ ಶಾಪ ಇಡೀ ಬೀದಿಗೆ ಕೇಳಿಸಿತ್ತು.

ಆಮೇಲೆ ಅದೇ ಹೆಣ್ಣು ಕುಡಿತ ಬಿಟ್ಟಳು. ಹನ್ನೊಂದು ತಿಂಗಳಿಂದ ಒಂದು ಹನಿ ಮುಟ್ಟಿರಲಿಲ್ಲ. ವಾರಕ್ಕೊಂದು ಪರೀಕ್ಷೆ, ವಾರಕ್ಕೊಮ್ಮೆ ಕುಡಿತ ಬಿಟ್ಟವರ ಸಭೆ, ತಿಂಗಳಿಗೊಮ್ಮೆ ಲಾಂಡ್ರಿ ಮೇಲ್ವಿಚಾರಕನಿಂದ ನಡತೆಯ ಕಾಗದ, ಯಾವುದನ್ನೂ ತಪ್ಪಿಸಿರಲಿಲ್ಲ. ಶಾಪ ಹಾಕುತ್ತಿದ್ದ ಬಾಯಿ ಈಗ "ಅಕ್ಕಾ" ಎನ್ನುತ್ತಿತ್ತು. ಶುಕ್ರವಾರ ಮಕ್ಕಳ ಸಮಿತಿಯ ಮುಂದೆ ವಿಚಾರಣೆ ಇತ್ತು. ಮಗಳನ್ನು ಮನೆಗೆ ಕಳಿಸುವುದೋ ಬೇಡವೋ ಎಂದು ಅಲ್ಲಿ ತೀರ್ಮಾನ. ಸಮಿತಿಯ ಒಬ್ಬ ಸದಸ್ಯರು ಕಳೆದ ಸಲವೇ "ಇನ್ನೊಂದು ಆರು ತಿಂಗಳು ನೋಡೋಣ" ಎಂದು ರಾಗ ಎಳೆದಿದ್ದರು. ಅತ್ತ ಸಾಕುಮನೆಯಲ್ಲಿ ಒಂಬತ್ತು ವರ್ಷದ ಹುಡುಗಿ ಭಾನುವಾರವೇ ಬಟ್ಟೆ ಬ್ಯಾಗಿಗೆ ತುಂಬಿಕೊಂಡು, ಬೇಕಾದ್ದನ್ನು ಅದರಿಂದಲೇ ತೆಗೆದು ಹಾಕಿಕೊಳ್ಳುತ್ತಿದ್ದಾಳೆ ಎಂದು ಸಾಕುತಾಯಿ ಫೋನಿನಲ್ಲಿ ಹೇಳಿದ್ದಳು.

ಮಂಗಳವಾರ ಮಧ್ಯಾಹ್ನ ಫೈಲಕ್ಕನ ಮನೆಯಲ್ಲಿ ಅತ್ತೆಯ ಪ್ರಾರ್ಥನಾ ಕೂಟ. ಅತ್ತೆಗೆ ಎಂಬತ್ತರ ಹತ್ತಿರ ವಯಸ್ಸು, ಮಂಡಿ ಬಗ್ಗುವುದಿಲ್ಲ, ಗಂಟಲು ಮಾತ್ರ ಗಟ್ಟಿ. ಕೂಟಕ್ಕೆ ಬರುವವರಲ್ಲಿ ಮುಖ್ಯರು ಇಬ್ಬರು. ಒಬ್ಬರು ನಿವೃತ್ತ ಟೀಚರು. ದೇವರು ಕೊನೇ ಬೆಂಚಿನಲ್ಲಿ ಕೂತಿದ್ದಾನೇನೋ ಎಂಬಂತೆ ಎಲ್ಲವನ್ನೂ ಎರಡೆರಡು ಸಲ ಹೇಳಿ ಪ್ರಾರ್ಥಿಸುವವರು. ಇನ್ನೊಬ್ಬರು ಬೇಕರಿಯಮ್ಮ. ಹೃದಯ ಬೆಣ್ಣೆ, ಬಾಯಿಗೆ ಬಾಗಿಲೇ ಇಲ್ಲ. ಯಾರ ಮನೆಯಲ್ಲಿ ಯಾರಿಗೆ ಕೆಮ್ಮು ಬಂದರೂ ಮರುದಿನ ಕೇಕು ಹಿಡಿದು ಬಾಗಿಲಲ್ಲಿ ನಿಲ್ಲುವ ಹೆಂಗಸು. ಸಾಮಾನ್ಯವಾಗಿ ಫೈಲಕ್ಕ ಆ ಹೊತ್ತಿಗೆ ಕಚೇರಿಯಲ್ಲಿರುತ್ತಿದ್ದಳು. ಆವತ್ತು ಸೊಂಟ ಹಿಡಿದು ಅರ್ಧ ದಿನ ರಜೆ ಹಾಕಿದ್ದರಿಂದ ಸಿಕ್ಕಿಬಿದ್ದಳು.

"ನಿನ್ನ ಪ್ರಾರ್ಥನಾ ವಿಷಯ ಏನಾದ್ರೂ ಇದ್ಯೇನಮ್ಮಾ?" ಅತ್ತೆ ಕೇಳಿದರು.

"ಒಬ್ಬ ತಾಯಿ ಅತ್ತೆ. ಶುಕ್ರವಾರ ಅವಳ ವಿಷಯ ತೀರ್ಮಾನ ಆಗುತ್ತೆ. ಹೆಸರು ಕೇಳ್ಬೇಡಿ."

"ನಮಗ್ಯಾಕೆ ಹೆಸರು? ಕರ್ತನಿಗೆ ಗೊತ್ತಲ್ಲ" ಎಂದು ಅತ್ತೆ ಕಣ್ಣು ಮುಚ್ಚಿದರು. ಎಲ್ಲರೂ ಮುಚ್ಚಿದರು. ಕಣ್ಣು ಮುಚ್ಚಿದರೇನು, ಕಿವಿಗಳು ನೆಟ್ಟಗೆ ನಿಂತಿದ್ದವು.

ಟೀಚರು ಶುರುಮಾಡಿದರು. "ಕರ್ತನೇ, ಆ ತಾಯಿ... ಗಂಡ ಸತ್ತವಳೋ, ಗಂಡ ಬಿಟ್ಟವಳೋ, ನಿನಗೆ ಗೊತ್ತು..." ಇಲ್ಲಿ ಒಂದು ಸಣ್ಣ ವಿರಾಮ ಬಂತು. ಆಕಾಶದಿಂದ ಉತ್ತರ ಬರಲೆಂದು ಬಿಟ್ಟ ವಿರಾಮ ಅದಲ್ಲ. ಬೇಕರಿಯಮ್ಮ ಮುಂದುವರಿಸಿದರು. "ಹೌದು ಸ್ವಾಮಿ, ಆ ಮಗು, ಗಂಡೋ, ಹೆಣ್ಣೋ, ಎಷ್ಟು ವರ್ಷದ್ದೋ, ಎಲ್ಲಿದೆಯೋ..." ವಿರಾಮ ಇನ್ನೂ ಉದ್ದವಾಯಿತು. ಅತ್ತೆ ಒಮ್ಮೆ ಕೆಮ್ಮಿದರು.

ಫೈಲಕ್ಕನ ಸರದಿ ಬಂತು. ಕೂಟದಲ್ಲಿ ಸಿಕ್ಕಿಬಿದ್ದಾಗೆಲ್ಲ ಅವಳು ಮೂರು ಒಣ ವಾಕ್ಯ ಹೇಳಿ ಮುಗಿಸುತ್ತಿದ್ದಳು. ಇವತ್ತೂ ಹಾಗೇ ಹೊರಟಳು. ಆದರೆ ಸೊಂಟನೋವು, ಮೂರು ರಾತ್ರಿಯ ನಿದ್ದೆಗೇಡು, ಆ ಹುಡುಗಿಯ ಬ್ಯಾಗು, ಎಲ್ಲ ಸೇರಿ ಎರಡನೇ ವಾಕ್ಯಕ್ಕೇ ಅವಳನ್ನು ದಾರಿ ತಪ್ಪಿಸಿದವು. ಕಣ್ಣು ಮುಚ್ಚಿದ್ದಳಲ್ಲ, ಬಸ್ಸಿನಲ್ಲಿ ಒಬ್ಬಳೇ ಕೂತ ಹಾಗೆ ಆಗಿಬಿಟ್ಟಿತು. ಬಸ್ಸಿನಲ್ಲಾದರೆ ತುಟಿ ಅಲ್ಲಾಡುತ್ತಿರಲಿಲ್ಲ. "ಹನ್ನೊಂದು ತಿಂಗಳು ಕರ್ತನೇ! ಒಂದು ಹನಿ ಮುಟ್ಟಿಲ್ಲ ಅವಳು. ಆ ಆವಿಯ ಮುಂದೆ ದಿನವಿಡೀ ನಿಂತು, ಆ ಸುಟ್ಟ ಕೈಯಲ್ಲಿ ಊರ ರೋಗಿಗಳ ಬಟ್ಟೆ ಇಸ್ತ್ರಿ ಮಾಡಿ... ಆ ಹುಡುಗಿ ಬ್ಯಾಗು ಹಿಡ್ಕೊಂಡು ಕೂತಿದೆ. ಶುಕ್ರವಾರ ಏನಾದ್ರೂ ಕೈಕೊಟ್ಟೆಯೋ, ನೋಡು, ನಿನ್ನ ಜೊತೆ ಮಾತೇ ಬಿಡ್ತೀನಿ." ಹೇಳುತ್ತ ಹೇಳುತ್ತ ಅತ್ತೇಬಿಟ್ಟಳು. ಎಲ್ಲರೂ ಒಂದೇ ದನಿಯಲ್ಲಿ ಆಮೆನ್ ಅಂದರು. ಎಷ್ಟೋ ತಿಂಗಳ ಮೇಲೆ ಎದೆ ಹಗುರಾದಂತೆ ಅವಳಿಗೆ ಅನ್ನಿಸಿತು. ಬೇಕರಿಯಮ್ಮ ಹೊರಡುವಾಗ ಅವಳ ಬೆನ್ನು ಸವರಿ, "ಧೈರ್ಯವಾಗಿರು ಮಗಳೇ" ಅಂದರು. ಬೇಕರಿಯ ಮೇಜುಬಟ್ಟೆಗಳೂ ಅದೇ ಲಾಂಡ್ರಿಗೆ ಹೋಗುತ್ತವೆ ಎಂಬುದು ಫೈಲಕ್ಕನಿಗೆ ಹೊಳೆಯಲೇ ಇಲ್ಲ.

ಗುರುವಾರ ಬೆಳಿಗ್ಗೆ ಅವಳ ಮೇಜಿನ ಮೇಲೆ ಲಾಂಡ್ರಿ ಮೇಲ್ವಿಚಾರಕನ ಕಾಗದ ಬಿದ್ದಿತ್ತು. ತಿಂಗಳ ನಡತೆ ಕಾಗದ ಇಷ್ಟು ಬೇಗ ಬಂತೇ ಎಂದು ಓದಿದಳು. ಬುಧವಾರ ಬೆಳಿಗ್ಗೆ ಗಿರಾಕಿ ಮಹಿಳೆಯೊಬ್ಬರು ಕೇಕು ತಂದು ಸದರಿ ಕೆಲಸಗಾರ್ತಿಗೆ ಶುಭ ಹಾರೈಸಿ, ಪ್ರಾರ್ಥನೆಯ ಮಾತುಗಳನ್ನು ಆಡಿದಾಗ, ಸದರಿ ಕೆಲಸಗಾರ್ತಿಯು ಆ ಕೇಕನ್ನು ಗಿರಾಕಿಯ ಮುಖಕ್ಕೆ ಎಸೆದಳು. ಇಸ್ತ್ರಿಯಾಗಿದ್ದ ಮೂವತ್ತೆರಡು ಹಾಸಿಗೆ ಬಟ್ಟೆಗಳಿಗೆ ಕ್ರೀಮು ಹತ್ತಿದೆ. ಹಾಗೆಯೇ ಕೆಲಸ ಬಿಟ್ಟು ಹೊರನಡೆದಳು. ಇದು ತಮ್ಮ ಗಮನಕ್ಕೆ.

ಫೈಲಕ್ಕ ಕಾಗದವನ್ನು ಇನ್ನೊಮ್ಮೆ ಓದಿದಳು. ಪ್ರಾರ್ಥನೆ, ಕೇಕು. ಇನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಕಚೇರಿಯ ಸಾಹೇಬರು ಕಾಗದದ ಇನ್ನೊಂದು ಪ್ರತಿ ಹಿಡಿದು ಬಂದರು. "ನೋಡಿದ್ರಾ? ಶುಭ ಹಾರೈಸೋಕೆ ಬಂದವರ ಮುಖಕ್ಕೇ ಹೊಡೆದಿದ್ದಾಳೆ. ಸಿಟ್ಟಿನ ಮೇಲೆ ಹಿಡಿತ ಇಲ್ಲ, ಆರು ತಿಂಗಳು ಮುಂದಕ್ಕೆ ಹಾಕಿ ಅಂತ ವರದಿ ಬರೆದುಬಿಡಿ. ಮತ್ತೆ ಕುಡಿಯೋಕೆ ಶುರುಮಾಡಿರ್ತಾಳೆ, ಇನ್ನೇನು."

"ಹೋಗಿ ನೋಡ್ಕೊಂಡು ಬಂದು ಬರೀತೀನಿ ಸರ್" ಎಂದವಳೇ ಸೊಂಟನೋವನ್ನೂ ಮರೆತು ಹೊರಟಳು.

ಇಸ್ತ್ರಿಯವಳ ಮನೆ ಎಂದರೆ ಮೂರನೇ ಮಹಡಿಯ ಒಂದು ಕೋಣೆ. ಎರಡು ತಿಂಗಳಿಂದ ಮಗಳಿಗಾಗಿ ಕಿಟಕಿ ಪಕ್ಕ ಒಂದು ಸಣ್ಣ ಮಂಚ ಕಾದಿತ್ತು. ಬಾಗಿಲು ಅರ್ಧ ತೆರೆಯಿತು. ಇಪ್ಪತ್ತಾರು ವರ್ಷದ ಅಭ್ಯಾಸ, ಮಾತಿಗಿಂತ ಮೊದಲು ಫೈಲಕ್ಕನ ಮೂಗು ಕೆಲಸ ಮಾಡಿತು. ಇಸ್ತ್ರಿಯವಳು ಅದನ್ನು ನೋಡಿದಳು.

"ಮೂಸಿ ಮೇಡಂ. ಅಷ್ಟು ದೂರದಿಂದ ಯಾಕೆ, ಹತ್ರ ಬಂದು ಮೂಸಿ." ಮುಂದೆ ಬಂದು ಅವಳ ಮುಖದ ಮೇಲೇ "ಹಾ" ಎಂದು ಉಸಿರು ಬಿಟ್ಟಳು. ಚಹಾದ ವಾಸನೆ, ಮತ್ತೇನೂ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ ತಾಗಿದ್ದು ಆ "ಮೇಡಂ". ಅಕ್ಕ ಆಗಲು ಹನ್ನೊಂದು ತಿಂಗಳು ಹಿಡಿದಿತ್ತು, ಮತ್ತೆ ಮೇಡಂ ಆಗಲು ಒಂದು ಕೇಕು ಸಾಕಾಯಿತು.

"ನನ್ನ ಮಗಳು ಅಜ್ಜಿ ಮನೇಲಿ ಓದ್ತಿದ್ದಾಳೆ ಅಂತ ಮೇಲ್ವಿಚಾರಕರನ್ನ ಬಿಟ್ಟು ಅಲ್ಲಿ ಎಲ್ಲರಿಗೂ ಹೇಳಿದ್ದೆ" ಎಂದಳು ಇಸ್ತ್ರಿಯವಳು. ದನಿ ಏರಲಿಲ್ಲ. "ಎಂಟು ಜನರ ಎದುರಿಗೆ ಆಯಮ್ಮ ನನ್ನ ತಬ್ಕೊಂಡ್ರು. 'ಹನ್ನೊಂದು ತಿಂಗಳು ಒಂದು ಹನಿ ಮುಟ್ಟಿಲ್ಲವಂತೆ, ಸ್ತೋತ್ರ ಮಗಳೇ, ಶುಕ್ರವಾರ ನಿನ್ನ ಮಗಳನ್ನ ಕೊಟ್ಟೇಬಿಡ್ತಾರೆ, ನಾವೆಲ್ಲ ಪ್ರಾರ್ಥನೆ ಮಾಡ್ತಿದ್ದೀವಿ' ಅಂದ್ರು. ಮಷೀನೆಲ್ಲ ನಿಂತುಹೋಯ್ತು. ಎಲ್ರೂ ನನ್ನನ್ನೇ ನೋಡ್ತಿದ್ರು. ಕೈಯಲ್ಲಿ ಕೇಕು ಇತ್ತು, ಎಸೆದೆ. ಕಲ್ಲಿದ್ದಿದ್ರೆ ಕಲ್ಲೇ ಎಸೀತಿದ್ದೆ. ಯಾರು ಹೇಳಿದ್ದು ಅವರಿಗೆ?"

ಗೊತ್ತಿಲ್ಲ ಎನ್ನಬಹುದಿತ್ತು. ವಿಚಾರಿಸುತ್ತೇನೆ ಎನ್ನಬಹುದಿತ್ತು. ಕಚೇರಿಯಲ್ಲಿ ಇಂಥ ಹೊತ್ತಿಗೆಂದೇ ಹತ್ತಾರು ವಾಕ್ಯಗಳಿವೆ.

"ನಾನೇ" ಎಂದಳು ಫೈಲಕ್ಕ.

"ಆಯಮ್ಮನಿಗಾ?"

"ಇಲ್ಲ. ದೇವರಿಗೆ."

ಇಸ್ತ್ರಿಯವಳು ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ನಿಮ್ಮ ದೇವರು ಬೇಕರಿ ಇಟ್ಟಿದ್ದಾನಾ ಮೇಡಂ?"

ಬೇರೆ ದಿನವಾಗಿದ್ದರೆ ಫೈಲಕ್ಕ ನಗುತ್ತಿದ್ದಳು, ಮರುದಿನ ಬಸ್ಸಿನಲ್ಲಿ ಈ ಪ್ರಶ್ನೆಯನ್ನು ಅವನಿಗೇ ದಾಟಿಸುತ್ತಿದ್ದಳು. ಈಗ ನಿಂತಲ್ಲೇ ಎಲ್ಲವನ್ನೂ ಹೇಳಿದಳು, ಸೊಂಟನೋವಿನಿಂದ ಹಿಡಿದು ಆಮೆನ್‌ವರೆಗೆ. ತಪ್ಪಾಯಿತು ಎಂದಳು. ನಾಳೆ ಸಮಿತಿಯ ಮುಂದೆ ಇದನ್ನೇ ಹೇಳುತ್ತೇನೆ ಎಂದಳು.

"ನೀವು ಹೇಳಿದ್ರೆ ನಂಬ್ತಾರೆ. ನಾನು ಹೇಳಿದ್ರೆ ಕುಡುಕಿ ಕಥೆ ಕಟ್ತಿದ್ದಾಳೆ ಅಂತಾರೆ" ಎಂದಳು ಇಸ್ತ್ರಿಯವಳು. "ನೋಡೋಣ ಮೇಡಂ, ನಾಳೆ ಬೆಳಿಗ್ಗೆವರೆಗೆ ಈ ಮಾತು ಇರುತ್ತಾ ಅಂತ." ಬಾಗಿಲು ಮುಚ್ಚಿತು.

ಸಂಜೆ ಮನೆಯಲ್ಲಿ ಅತ್ತೆ ಆಗಲೇ ವಿಷಯ ತಿಳಿದು ಕೂತಿದ್ದರು. ಬೇಕರಿಯಮ್ಮ ಒಂದು ದಿನವೆಲ್ಲ ಮನೆಯಲ್ಲೇ ಅವಿತಿದ್ದು, ಇವತ್ತು ಮಧ್ಯಾಹ್ನ ಇಲ್ಲಿಗೆ ಬಂದು ಅತ್ತು ಹೋಗಿದ್ದರಂತೆ. "ಪ್ರೀತಿಯಿಂದ ಮಾಡಿದ್ದಮ್ಮಾ ಅದು" ಎಂದರು ಅತ್ತೆ. "ಕರ್ತ ಆ ತಾಯಿಯ ನಂಬಿಕೆ ಪರೀಕ್ಷೆ ಮಾಡ್ತಿರಬಹುದು."

"ಎಲ್ಲದಕ್ಕೂ ಅವನ ಹೆಸರು ಯಾಕೆ ಹೇಳ್ತೀರಿ ಅತ್ತೆ? ಪರೀಕ್ಷೆಯಂತೆ! ಅವಳು ಪಾಸಾಗಿ ಆಗಿತ್ತು. ಉತ್ತರಪತ್ರಿಕೆ ಹರಿದು ಹಾಕಿದ್ದು ನಾವು, ನಾನು, ನೀವು, ಆ ಪುಣ್ಯಾತ್ಗಿತ್ತಿ." ಫೈಲಕ್ಕ ಅತ್ತೆಯ ಎದುರು ದನಿ ಎತ್ತಿದ್ದು ಮದುವೆಯಾದ ಮೇಲೆ ಇದೇ ಮೊದಲು. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. ಒರೆಸುತ್ತಲೇ, "ಸುಮ್ಮನೆ ಕೂತು ಪ್ರಾರ್ಥನೆ ಮಾಡಿದ್ರೆ ಸಾಕಿತ್ತು. ಕೇಳಿಸ್ಕೊಳ್ಳೋ ಆಸೆ ನಮಗೆ" ಎಂದರು. ಅಷ್ಟು ನಿಜವನ್ನು ಅತ್ತೆಯ ಬಾಯಿಂದ ಫೈಲಕ್ಕ ನಿರೀಕ್ಷಿಸಿರಲಿಲ್ಲ. ಸಿಟ್ಟು ಅರ್ಧ ಇಳಿಯಿತು.

ಗಂಡ ಸ್ಕ್ರೂಡ್ರೈವರು ಒರೆಸುತ್ತ ಎಲ್ಲ ಕೇಳಿದ. ನಿವೃತ್ತಿಗೆ ನಾಲ್ಕು ವರ್ಷ ಇರುವಾಗ ತಾನಾಗಿ ಕುತ್ತಿಗೆ ಕೊಡುವುದು ಅವನಿಗೆ ಸರಿ ಕಾಣಲಿಲ್ಲ. ಅವನೇನು ಕೆಟ್ಟವನಲ್ಲ, ಸಿಕ್ಕಿಕೊಂಡವರನ್ನು ಬಿಡಿಸುವುದೇ ಅವನ ಕಸುಬು. "ನಿಜಾನೇ ಹೇಳು. ಆದ್ರೆ ಪೂರ್ತಿ ಯಾಕೆ? ಅವಳ ವಿಷಯ ಹೇಗೋ ಹೊರಗೆ ಹೋಯ್ತು, ಅದಕ್ಕೇ ಸಿಟ್ಟು ಬಂತು ಅನ್ನು. ಅವಳ ಕೆಲಸಾನೂ ಆಗುತ್ತೆ, ನಿನ್ನ ಕೆಲಸಾನೂ ಉಳಿಯುತ್ತೆ. ಹೇಗೋ ಅನ್ನೋ ಪದ ಇರೋದೇ ಇಂಥದ್ದಕ್ಕೆ."

ಒಳ್ಳೆಯ ಉಪಾಯವೇ. ಶುಕ್ರವಾರ ಬೆಳಿಗ್ಗೆ ಬಸ್ಸಿನಲ್ಲಿ ಫೈಲಕ್ಕ ಆ ಪದವನ್ನು ಬಾಯಲ್ಲಿ ತಿರುಗಿಸಿ ನೋಡಿದಳು. ಎಲ್ಲಿಯೂ ಚುಚ್ಚಲಿಲ್ಲ. ದೇವರ ಅಭಿಪ್ರಾಯವನ್ನೂ ಕೇಳಿದಳು. ಅವನು ಎಂದಿನಂತೆ ಏನೂ ಹೇಳಲಿಲ್ಲ. "ಬೇಡದಿದ್ದಾಗ ಊರಿಗೆಲ್ಲ ಕೇಳಿಸ್ತೀಯ, ಬೇಕಾದಾಗ ಮೌನ" ಎಂದು ಅವನನ್ನು ಬೈದು ಇಳಿದಳು.

ಸಮಿತಿಯ ಕೋಣೆಯಲ್ಲಿ ಉದ್ದ ಮೇಜು. ಅದರ ಹಿಂದೆ ಅಧ್ಯಕ್ಷೆ, ನಿವೃತ್ತ ಡಾಕ್ಟರು. ಅವರ ಎಡಕ್ಕೊಬ್ಬರು, ಬಲಕ್ಕೆ ಆರು ತಿಂಗಳ ರಾಗದ ಸದಸ್ಯರು. ಮೂಲೆಯಲ್ಲಿ ನಡಾವಳಿ ಬರೆಯುವ ಗುಮಾಸ್ತ. ಗೋಡೆ ಬದಿ ಸಾಹೇಬರು ಕೂತಿದ್ದರು. ಇಸ್ತ್ರಿಯವಳು ಚೆನ್ನಾಗಿ ಇಸ್ತ್ರಿ ತೀಡಿದ ಬಟ್ಟೆ ಹಾಕಿಕೊಂಡು, ಎಡಗೈಯನ್ನು ಬಲಗೈ ಕೆಳಗೆ ಮುಚ್ಚಿಟ್ಟುಕೊಂಡು ನೆಲ ನೋಡುತ್ತಿದ್ದಳು. ಮಗಳು ಹೊರಗಿನ ಬೆಂಚಿನಲ್ಲಿ ಸಾಕುತಾಯಿಯ ಪಕ್ಕ ಬ್ಯಾಗು ತಬ್ಬಿಕೊಂಡಿದ್ದಳು.

ಫೈಲಕ್ಕ ವರದಿ ಓದಿದಳು. ಪರೀಕ್ಷೆಗಳೆಲ್ಲ ಸರಿ, ಭೇಟಿಗಳೆಲ್ಲ ಸರಿ, ಗುರುವಾರ ಮನೆಗೆ ಹೋದಾಗಲೂ ಕುಡಿದಿರಲಿಲ್ಲ. ಆಮೇಲೆ ಬುಧವಾರಕ್ಕೆ ಬಂದಳು. "ಈಕೆಯ ಖಾಸಗಿ ವಿಷಯ ಹೇಗೋ ಹೊರಗೆ ಹೋಗಿ, ಕೆಲಸದ ಜಾಗದಲ್ಲಿ ಎಲ್ಲರ ಎದುರು ಬಯಲಾದ ಕಾರಣ..."

"ಹೇಗೋ ಅಂದ್ರೆ?" ಬಲಗಡೆಯ ಸದಸ್ಯರು ಕನ್ನಡಕದ ಮೇಲಿಂದ ನೋಡಿದರು. "ಕುಡಿದು ಈಕೆಯೇ ಎಲ್ಲಾದ್ರೂ ಬಾಯಿ ಬಿಟ್ಟಿರಬಹುದಲ್ಲ?"

ಇಸ್ತ್ರಿಯವಳು ತಲೆ ಎತ್ತಲಿಲ್ಲ. ಇಷ್ಟೇ ಆಗುತ್ತದೆಂದು ಮೊದಲೇ ಗೊತ್ತಿದ್ದವಳ ಹಾಗೆ ಸುಮ್ಮನೆ ಕೂತಿದ್ದಳು. ಫೈಲಕ್ಕನಿಗೆ ನಾಚಿಕೆಯಾಯಿತು. ಎರಡು ವರ್ಷದ ಹಿಂದೆ ಈ ಹೆಣ್ಣು ತಾನು ಮಾಡಿದ್ದನ್ನು ಇದೇ ಕೋಣೆಯಲ್ಲಿ ನಿಂತು, ಒಂದು ಮಾತೂ ಮುಚ್ಚಿಡದೆ ಒಪ್ಪಿಕೊಂಡಿದ್ದಳು. ಒಪ್ಪಿಕೊಂಡರೆ ಮಾತ್ರ ಮಗಳು ವಾಪಸು ಸಿಗುತ್ತಾಳೆ ಎಂದು ಬುದ್ಧಿ ಹೇಳಿದವಳು ಫೈಲಕ್ಕನೇ.

"ನನ್ನಿಂದ ಹೋಯ್ತು ಸರ್" ಎಂದಳು. "ಈಕೆ ಬಾಯಿ ಬಿಟ್ಟಿಲ್ಲ. ನಾನು ಬಿಟ್ಟೆ."

ಸಾಹೇಬರ ಕುರ್ಚಿ ಕಿರುಗುಟ್ಟಿತು. ಅಧ್ಯಕ್ಷೆ ಪೆನ್ನು ಕೆಳಗಿಟ್ಟರು. "ಯಾರ ಹತ್ತಿರ?"

"ಪ್ರಾರ್ಥನೆ ಮಾಡ್ತಿದ್ದೆ ಮೇಡಂ. ನಮ್ಮ ಮನೇಲಿ. ಇನ್ನೂ ಕೆಲವರಿದ್ರು. ಹೆಸರು ಹೇಳಲಿಲ್ಲ, ಆದ್ರೆ ಉಳಿದದ್ದೆಲ್ಲ ಹೇಳಿದೆ. ಕಣ್ಣು ಮುಚ್ಚಿದ್ದೆ, ಅವರಿರೋದು ಮರೆತುಹೋಯ್ತು."

ಗುಮಾಸ್ತ ಕೆಲಸದಲ್ಲಿ ಕಟ್ಟುನಿಟ್ಟು, ಪೆನ್ನು ಎತ್ತಿ ಕೇಳಿದ. "ಮೇಡಂ, ಇದನ್ನ ಮಾಹಿತಿ ಬಹಿರಂಗ ಅಂತ ಬರೀಲಾ, ಪ್ರಾರ್ಥನೆ ಅಂತ ಬರೀಲಾ? ಪ್ರಾರ್ಥನೆಗೆ ನಮ್ಮಲ್ಲಿ ಕಾಲಂ ಇಲ್ಲ."

"ಬಹಿರಂಗ ಅಂತಲೇ ಬರೀರಿ" ಎಂದಳು ಫೈಲಕ್ಕ.

ಅಧ್ಯಕ್ಷೆ ಇಸ್ತ್ರಿಯವಳ ಕಡೆ ತಿರುಗಿದರು. "ಅಷ್ಟಾದ ಮೇಲೂ ಆವತ್ತು ಕುಡೀಲಿಲ್ವಾ?"

"ಮನೆಗೆ ಹೋಗಿ ಚಹಾ ಮಾಡ್ಕೊಂಡೆ. ಆರು ಸಲ" ಎಂದಳು ಅವಳು.

"ಹಾಗಾದ್ರೆ ಇನ್ನು ಆರು ತಿಂಗಳು ನಾವು ನೋಡೋದು ಏನನ್ನ?" ಎಂದು ಅಧ್ಯಕ್ಷೆ ಬಲಗಡೆಗೆ ನೋಡಿದರು. ಬಲಗಡೆಯವರು ಕನ್ನಡಕ ಸರಿಮಾಡಿಕೊಂಡರು. ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು. ಮಗಳು ಇವತ್ತೇ ತಾಯಿಯ ಜೊತೆ ಹೋಗಬಹುದು. ಅಧಿಕಾರಿಯ ಮೇಲೆ ವಿಚಾರಣೆ ನಡೆಯುತ್ತದೆ, ಅಲ್ಲಿಯವರೆಗೆ ಕೆಲಸಕ್ಕೆ ಬರುವಂತಿಲ್ಲ, ಸಂಜೆಯೊಳಗೆ ಎಲ್ಲ ಫೈಲು ಒಪ್ಪಿಸಬೇಕು. ಸಾಹೇಬರು ಹೊರಗೆ ಹೋಗುವಾಗ, "ಮನೇಲಿ ಬಾಗಿಲು ಹಾಕ್ಕೊಂಡು ಪ್ರಾರ್ಥನೆ ಮಾಡೋಕೆ ಏನಾಗಿತ್ರೀ ನಿಮಗೆ?" ಎಂದು ಗೊಣಗಿದರು.

ಅವಳು ಕಾರಿಡಾರಿಗೆ ಬಂದಾಗ ತಾಯಿ ಮಗಳು ಮೆಟ್ಟಿಲ ಹತ್ತಿರ ಇದ್ದರು. ಕೇಕಿನ ಕಥೆಯನ್ನು ತಾಯಿಯಿಂದ ಆಗಲೇ ಕೇಳಿದ್ದ ಹುಡುಗಿ ಅವಳ ಸುಟ್ಟ ಕೈಗೆ ಜೋತುಬಿದ್ದು ಒಂದೇ ಸಮನೆ ಕೇಳುತ್ತಿದ್ದಳು. "ಮೇಲೆ ಕ್ರೀಮ್ ಇತ್ತಾ ಅಮ್ಮಾ? ಪೂರ್ತಿ ಎಸೆದ್ಯಾ? ಒಂದು ಚೂರೂ ಇಟ್ಕೊಳ್ಳಿಲ್ವಾ?" ಫೈಲಕ್ಕನಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಅವರು ಹೋಗಲಿ ಎಂದು ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಳು. ಇಪ್ಪತ್ತಾರು ವರ್ಷದಲ್ಲಿ ಮನೆಗೆ ಮರಳಿದ ಮಕ್ಕಳನ್ನು ಕೈಬೆರಳಿನಲ್ಲಿ ಎಣಿಸಬಹುದು. ಈ ಸಂತೋಷ ತನ್ನದೂ ಹೌದು ಎನ್ನಲು ಬಾಯಿ ಬರಲಿಲ್ಲ.

ಚಪ್ಪಲಿಯ ಸದ್ದು ವಾಪಸು ಬಂತು. ಇಸ್ತ್ರಿಯವಳು ಒಬ್ಬಳೇ ಬಂದು ಎರಡು ಹೆಜ್ಜೆ ದೂರದಲ್ಲಿ ನಿಂತಳು.

"ನೀವು ಹೇಳ್ತೀರಿ ಅಂದ್ಕೊಂಡಿರಲಿಲ್ಲ."

"ನಾನೂ ಅಂದ್ಕೊಂಡಿರಲಿಲ್ಲ."

"ಥ್ಯಾಂಕ್ಸ್ ಹೇಳೋಕೆ ಬಂದಿದ್ದಲ್ಲ. ಒಂದು ಮಾತು ಕೇಳ್ಕೊಳ್ಳೋಕೆ ಬಂದೆ." ಅವಳು ಒಮ್ಮೆ ಮಗಳ ಕಡೆ ನೋಡಿ ದನಿ ತಗ್ಗಿಸಿದಳು. "ಇನ್ನು ಮುಂದೆ ನನಗೋಸ್ಕರ ಪ್ರಾರ್ಥನೆ ಮಾಡ್ಬೇಡಿ ಮೇಡಂ. ಜನರ ಎದುರಿಗೆ ಬೇಡ ಅಂತಲ್ಲ. ಒಬ್ಬರೇ ಇದ್ದಾಗಲೂ ಬೇಡ. ಮನಸ್ಸಲ್ಲೂ ಬೇಡ. ನಾನು ಹೇಗಿದ್ದೀನಿ, ಕುಡಿದೆನಾ ಬಿಟ್ಟೆನಾ ಅಂತ ಯಾರೂ ಯಾರಿಗೂ ಹೇಳೋದು ಬೇಡ. ಅವನಿಗೂ ಬೇಡ. ನನ್ನದು ನನಗಿರಲಿ."

ಫೈಲಕ್ಕ ಆ ಮಾತಿಗೆ ಸಿದ್ಧಳಾಗಿರಲಿಲ್ಲ. ಕೆಲಸ ಹೋದರೆ ಹೇಗೋ ತಡೆದುಕೊಳ್ಳಬಹುದು ಎಂದುಕೊಂಡಿದ್ದಳು. ಕೈಯಲ್ಲಿ ಫೈಲು ಇಲ್ಲದಿದ್ದರೂ ಬಸ್ಸು ಇದೆ, ಕಿಟಕಿ ಸೀಟು ಇದೆ, ಹೆಸರುಗಳಿವೆ, ಯಾರೂ ಕಿತ್ತುಕೊಳ್ಳಲಾರರು ಎಂದುಕೊಂಡಿದ್ದಳು. ಈ ಹೆಣ್ಣಿಗಾಗಿ ಅವಳಿಗೆ ಇನ್ನು ಮಾಡಲು ಉಳಿದಿದ್ದದ್ದು ಅದೊಂದೇ.

"ಆಯ್ತು" ಎಂದಳು.

"ಸುಮ್ಮನೆ ಹೇಳ್ತಿಲ್ಲ ತಾನೇ?"

"ಇಲ್ಲ. ಮಾಡಲ್ಲ."

ಇಸ್ತ್ರಿಯವಳು ತಲೆಯಾಡಿಸಿ ಹೋದಳು. ಕಿಟಕಿಯಿಂದ ಕೆಳಗಿನ ರಸ್ತೆ ಕಾಣುತ್ತಿತ್ತು. ತಾಯಿ ಮಗಳು ಹೊರಬಂದು ಕಲ್ಲುಹಾಸಿನ ಅಂಚಿನಲ್ಲಿ ನಿಂತು, ಆ ಕಡೆ ಈ ಕಡೆ ನೋಡಿ, ಕೈಹಿಡಿದು ದಾಟಿದರು. ಬ್ಯಾಗು ಇಬ್ಬರ ನಡುವೆ ಓಲಾಡುತ್ತಿತ್ತು. ಫೈಲಕ್ಕನ ಎದೆಯಿಂದ ಆ ಎರಡು ಹೆಸರು ತಾವಾಗಿಯೇ ಎದ್ದು ಗಂಟಲಿಗೆ ಬಂದವು. ತುಟಿ ಕಚ್ಚಿ ಹಿಡಿದಳು. "ಕೇಳು, ನಾನೇನೂ ಹೇಳಲ್ಲ, ನೀನೇ..." ಎಂದು ಒಳಗೇ ಶುರುಮಾಡಿದವಳು, ಅದೂ ಪ್ರಾರ್ಥನೆಯೇ ಆಗುತ್ತದೆ ಎಂದು ಹೊಳೆದು ಅಲ್ಲಿಗೇ ನಿಲ್ಲಿಸಿದಳು. ಅವರು ತಿರುವಿನಲ್ಲಿ ಮರೆಯಾಗುವವರೆಗೆ ಏನೂ ಹೇಳದೆ, ಯಾರಿಗೂ ಹೇಳದೆ, ಕಣ್ಣು ತೆರೆದುಕೊಂಡೇ ಅಳುತ್ತ ನಿಂತಳು.